ಯಾಂತ್ರಿಕ ಸಾಮರ್ಥ್ಯದ ಪರೀಕ್ಷೆಯೂ ಭೌತಶಾಸ್ತ್ರದ ಮೂಲತತ್ತ್ವಗಳೂ

ಕಾರ್ಖಾನೆಗೆ, ಸೇನೆಗೆ, ತಾಂತ್ರಿಕ ಶಿಕ್ಷಣಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಅವರ ಯಾಂತ್ರಿಕ ಸಾಮರ್ಥ್ಯವನ್ನು ಅಳೆದು ನೋಡುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಇಂಥ ಪರೀಕ್ಷೆಗೆ ಸಿದ್ಧತೆ ನಡೆಸುವುದು ಸಾಧುವೇ ಎಂಬುದು ಇಲ್ಲಿ ನಮ್ಮ ಪ್ರಶ್ನೆ. ಅಳೆಯತಕ್ಕದ್ದು ಹುಟ್ಟುಗುಣವಾದರೆ ಸಿದ್ಧತೆ ವ್ಯರ್ಥ. ಕಲಿತು ಬರುವ ಅರಿವಾದರೆ ಅದು ಕರ್ತವ್ಯ. ಪರೀಕ್ಷೆಯ ಇತಿಹಾಸವೇ ಇದಕ್ಕೆ ಉತ್ತರವನ್ನು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ.

ಆರಂಭದಲ್ಲಿ ಈ ಪರೀಕ್ಷೆ ಕೈಕೆಲಸದ್ದಾಗಿತ್ತು. ಅಮೆರಿಕದ ಸ್ಟೆನ್‌ಕ್ವಿಸ್ಟ್ ಅವರು ಬೈಸಿಕಲ್ ಗಂಟೆ, ಬೀಗ, ಇಲಿಬೋನು ಮೊದಲಾದವುಗಳ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು, ಗೊತ್ತಾದ ಕಾಲದೊಳಗೆ ಜೋಡಿಸಹೇಳುತ್ತಿದ್ದರು. ಅವರ ಗ್ರಂಥ ೧೯೨೩ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಕಾಕ್ಸ್ ಅವರು ೧೯೨೮ರಲ್ಲಿ, ಸಾಮಾನ್ಯ ಬುದ್ಧಿಯಿಂದ ಬೇರೆಯಾದ ಯಾಂತ್ರಿಕ ಶಕ್ತಿಯೊಂದುಂಟೆಂದು ಪ್ರತಿಪಾದಿಸಿದರು. ೧೯೪೦ರಲ್ಲಿ ಅಮೆರಿಕದ ಬೆನೆಟ್ ಅವರು ರಚಿಸಿದ ಪರೀಕ್ಷೆಯಲ್ಲಿ ಪೆಟ್ಟಿಗೆ ಮಾಯವಾಗಿ ಚಿತ್ರ ಬಂದಿತು. ಕೈಯ ಸ್ಥಾನದಲ್ಲಿ ತರ್ಕ ನಿಂತಿತು.

ಆ ಬಗೆಯ ಪ್ರಶ್ನೆಯೊಂದನ್ನು ನೋಡೋಣ. ಇಬ್ಬರು ಕೋಲೊಂದರಲ್ಲಿ ಹೊರೆಯನ್ನು ತೂಗುಹಾಕಿ ಹೊತ್ತಿದ್ದಾರೆ. ಭಾರ ಯಾರಿಗೆ ಹೆಚ್ಚು? ಕೋಲಿನ ಉದ್ದ ೩ ಮೀಟರು, ಹೊರೆ ೬೦ ಕಿಲೋಗ್ರಾಮು, ಅದು ಮುಂದಿನವನಿಂದ ೧ ಮೀಟರು ದೂರದಲ್ಲಿದೆ ಎನ್ನೋಣ. ಕೋಲಿನ ತೂಕವನ್ನು ಗಣಿಸದಿದ್ದರೆ ಮುಂದಿನವನಿಗೆ ೪೦, ಹಿಂದಿನವನಿಗೆ ೨೦ ಕಿಲೋಗ್ರಾಮಿನ ಭಾರ ಬೀಳುತ್ತದೆ. ಇದು ಆರ್ಕಿಮಿಡೀಸನು ನಿರೂಪಿಸಿದ ಸನ್ನೆಯ ನಿಯಮವಲ್ಲದೆ ಬೇರೆಯಲ್ಲ. ೪೦ ಹಲ್ಲಿನ ಚಕ್ರವು ೨೦ ಹಲ್ಲಿನ ಚಕ್ರಕ್ಕೆ ಕಚ್ಚಿಕೊಂಡು ಒಮ್ಮೆ ತಿರುಗಿದರೆ, ಚಿಕ್ಕದು ಎದುರು ದಿಕ್ಕಿನಲ್ಲಿ ಎರಡು ಸುತ್ತು ತಿರುಗುತ್ತದೆ. ಬಾವಿಯ ಮೇಲೆ ಕಟ್ಟಿದ ರಾಟೆ ಎಳೆತದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಹೊರೆಯನ್ನು ಹಗುರಗೊಳಿಸದು. ಹೊರೆಯೊಡನೆ ತಾನೂ ಮೇಲೇರುವ ರಾಟೆಯಾದರೆ, ಘರ್ಷಣೆಯನ್ನು ಬಿಟ್ಟು, ಅರ್ಧ ಬಲ ಸಾಕು. ಅಲೆಕ್ಸಾಂಡ್ರಿಯದ ಹೀರೋ ಎಣಿಸಿದ ಐದು ಸರಳ ಯಂತ್ರಗಳಲ್ಲಿ ಸನ್ನೆಯೂ ರಾಟೆಯೂ ಸೇರಿದ್ದವು. ಹೀಗೆ, ಹುಟ್ಟುಗುಣವನ್ನು ಅಳೆಯಲು ಹೊರಟ ಪರೀಕ್ಷೆಯು ಸಾವಿರಾರು ವರ್ಷಗಳ ಕಲಿಕೆಯನ್ನೇ ಪ್ರಶ್ನೆಯಾಗಿ ಮುಂದಿಟ್ಟಿತು.

ತತ್ತ್ವವನ್ನರಿತರೆ ಹೊಸ ಸಂದರ್ಭದಲ್ಲಿ ಪ್ರಯೋಜನವಾಗುವುದೇ? ಅಮೆರಿಕದ ಜಡ್ ಅವರು ೧೯೦೮ರಲ್ಲಿ ಈ ಬಗ್ಗೆ ಒಂದು ಪ್ರಯೋಗವನ್ನು ವರದಿಮಾಡಿದರು. ನೀರಿನಲ್ಲಿ ೧೨ ಅಂಗುಲ ಆಳದಲ್ಲಿದ್ದ ಗುರಿಗೆ ಬಾಲಕರು ಶಲಾಕೆ ಎಸೆದಾಗ, ಬೆಳಕಿನ ವಕ್ರೀಭವನವನ್ನು ಕಲಿತವರಿಗೂ ಕಲಿಯದವರಿಗೂ ಭೇದ ಕಾಣಲಿಲ್ಲ. ಗುರಿಯನ್ನು ೪ ಅಂಗುಲಕ್ಕೆ ಏರಿಸಿದಾಗ, ಕಲಿತವರು ಬೇಗನೆ ಹೊಂದಿಕೊಂಡರು, ಉಳಿದವರು ಗಲಿಬಿಲಿಗೊಂಡರು. ಯಾಂತ್ರಿಕ ಶಕ್ತಿಯನ್ನು ಪ್ರತಿಪಾದಿಸಿದ ಕಾಕ್ಸ್ ಅವರೇ ೧೯೩೪ರ ಗ್ರಂಥದಲ್ಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಬರಿಯ ಅಭ್ಯಾಸವು ಬೇರೆ ಕೆಲಸಕ್ಕೆ ಒದಗುವುದಿಲ್ಲವೆಂದೂ, ತತ್ತ್ವವನ್ನು ತಿಳಿಸಿಕೊಟ್ಟ ಶಿಕ್ಷಣವು ಒದಗುವುದೆಂದೂ ತೋರಿಸಿದರು. ಇದರಿಂದ ವ್ಯಕ್ತಿಭೇದ ಇಲ್ಲವೆಂದಾಗುವುದಿಲ್ಲ. ಅಂಕದಲ್ಲಿ ಕಾಣುವುದೆಲ್ಲ ಅದೇ ಅಲ್ಲವೆಂಬುದಂತೂ ಸ್ಪಷ್ಟ.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ೧೯೪೭ರಲ್ಲಿ ಬೆನೆಟ್, ಸೀಶೋರ್ ಮತ್ತು ವೆಸ್ಮನ್ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಯಾಂತ್ರಿಕ ತರ್ಕದ ವಿಭಾಗವಿತ್ತು. ಅಂಕಗಳನ್ನು ತೂಗಿ ನೋಡಲು ಬಾಲಕರಿಗೂ ಬಾಲಕಿಯರಿಗೂ ಬೇರೆ ಬೇರೆ ಮಾನಗಳನ್ನು ಕೊಡಲಾಗಿತ್ತು. ತಿರುಪುಳಿಯನ್ನು ಹಿಡಿಯಲು ಅವಕಾಶವೇ ದೊರೆಯದ ಬಾಲಕಿಯ ಕಡಮೆ ಅಂಕವನ್ನು ಆಕೆಯ ಸ್ವಭಾವವೆಂದು ಓದಿದರೆ, ಕಲಿಸದಿರುವ ತಪ್ಪನ್ನು ಕಲಿಯದವಳ ಮೇಲೆ ಹೊರಿಸಿದಂತಾಯಿತು. ಕಾರ್ಯಾಗಾರವನ್ನೇ ಕಾಣದ ಬಡ ಬಾಲಕನಿಗೂ ಈ ಮಾತು ಸಲ್ಲುತ್ತದೆ.

ಅಮೆರಿಕದಲ್ಲಿ ೧೯೬೮ರಲ್ಲಿ ಆರಂಭವಾದ ಸೇನಾ ಅಭಿಕ್ಷಮತಾ ಪರೀಕ್ಷಾಮಾಲೆಯಲ್ಲಿ ಯಾಂತ್ರಿಕ ಗ್ರಹಿಕೆಯ ಪ್ರಶ್ನೆಗಳು ಇಂದಿಗೂ ಉಂಟು. ಇಂಥ ಪರೀಕ್ಷೆಗೆ ಹೊರಟವರು ಹಳೆಯ ಪ್ರಶ್ನೆಗಳ ಉತ್ತರವನ್ನು ಬಾಯಿಪಾಠ ಮಾಡಿದರೆ ಚಿತ್ರ ಬದಲಾದೊಡನೆ ಸೋಲುತ್ತಾರೆ. ಆಧಾರಬಿಂದು ಎಲ್ಲಿದೆ, ಬಲ ಯಾವ ದಿಕ್ಕಿಗೆ, ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ಎಷ್ಟು ತೆತ್ತೆವು ಎಂದು ಪ್ರತಿಯೊಂದು ಚಿತ್ರವನ್ನೂ ಕೇಳುವುದು, ಸಾಧ್ಯವಾದಲ್ಲಿ ಕೋಲನ್ನೂ ರಾಟೆಯನ್ನೂ ಕೈಯಲ್ಲಿ ಹಿಡಿದು ನೋಡುವುದು, ಇದೇ ನಿಜವಾದ ಸಿದ್ಧತೆ. ಹೀಗೆ ಗಳಿಸಿದ ಅಂಕವನ್ನು ವಂಚನೆಯೆನ್ನಲು ನಮಗೆ ಕಾರಣ ಕಾಣದು. ಅದು ಶಿಕ್ಷಣದ ಫಲ.