ಪೊನ್ನ, ರನ್ನ, ಜನ್ನ: ಹೆಸರಿನ ಅರ್ಥ, ಹೆಸರಿನ ಪ್ರಾಸ

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪ್ರತಿಮೆಯನ್ನು ನೋಡಿದವರು ಅನೇಕರಿದ್ದೀರಿ. ಆ ಹೆಸರಿನ ಅರ್ಥವೇನೆಂದು ಕೇಳಿದವರು ವಿರಳ. ಅದು ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನ ಹೆಸರು. ಅದರ ಪೂರ್ವಪದಕ್ಕೆ ಸಂಪತ್ತು, ಭಾಗ್ಯ ಎಂಬ ಅರ್ಥ. ಉತ್ತರಪದಕ್ಕೆ ಕಾವಲುಗಾರನೆಂಬ ಅರ್ಥ. ಕನ್ನಡಿಸುವುದಾದರೆ 'ಸಿರಿಗಾವಲ' ಎನ್ನಬಹುದು. ನಮ್ಮ ಧನಪಾಲನ ದೂರದ ದಾಯಾದಿ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ಕೆಲವು ತಲೆಮಾರುಗಳಲ್ಲಿ ಆ ನಾಡಿನ ಹಳೆಯ ಹೆಸರುಗಳಲ್ಲಿ ಬಹುಪಾಲು ಅಳಿದುಹೋದವು. ಗೆದ್ದವರ ಹೆಸರನ್ನೇ ಸೋತವರೂ ತಮ್ಮ ಮಕ್ಕಳಿಗೆ ಇಡತೊಡಗಿದರು. ಸಂತನೆಂದು ಪೂಜೆಗೊಂಡ ಒಬ್ಬ ದೊರೆಯ ಪುಣ್ಯದಿಂದ ಎಡ್ವರ್ಡ್ ಎಂಬ ಹೆಸರು ಉಳಿಯಿತು; ನಾರ್ಮನ್ ವಂಶದ ಸಂಬಂಧಿಯಾದ ಮೂರನೆಯ ಹೆನ್ರಿಯೇ 1239ರಲ್ಲಿ ಹುಟ್ಟಿದ ತನ್ನ ಮಗನಿಗೆ ಆ ಹೆಸರನ್ನಿಟ್ಟ. ಹೆಸರು ಉಳಿದರೂ ಅರ್ಥ ಮರೆತುಹೋಯಿತು. ಜನರ ನಾಲಗೆಯ ಮೇಲೆ ನಿಂತದ್ದು ಅದರ ಪ್ರಾಸಗಳು: ಎಡ್, ನೆಡ್, ಟೆಡ್. 'ನನ್ನ ಎಡ್' ಎಂಬರ್ಥದ 'ಮೈನ್ ಎಡ್' ಎಂಬ ಅಕ್ಕರೆಯ ಕರೆಯನ್ನು ಕಿವಿ 'ಮೈ ನೆಡ್' ಎಂದು ಒಡೆದುಕೊಂಡಿತು, ನೆಡ್ ಹುಟ್ಟಿದ. ಹೀಗೆಯೇ 'ಕೀರ್ತಿಯ ಈಟಿ' ಎಂಬ ಅರ್ಥದ ರಾಜರ್ ಎಂಬ ವೀರನಾಮ ಪ್ರಾಸದ ದಾರಿಯಲ್ಲಿ ಹಾಡ್ಜ್ ಆಯಿತು. ಕಡೆಗೆ ಹಾಡ್ಜ್ ಎಂದರೆ ಹೆಸರಿಲ್ಲದ ಯಾವನೋ ಒಬ್ಬ ಹೊಲದಾಳು ಎಂದಾಯಿತು. ಹೆಸರಿನ ಏಳುಬೀಳುಗಳಲ್ಲಿ ಸಮಾಜದ ಏಳುಬೀಳುಗಳಿವೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಮಾತನ್ನು ನಮ್ಮ ಹೆಸರುಗಳಿಗೆ ಅನ್ವಯಿಸಿ ನೋಡೋಣ. ಕನ್ನಡ ಛಂದಸ್ಸಿನಲ್ಲಿ ಪ್ರಾಸ ನಿಲ್ಲುವುದು ಪಾದದ ಎರಡನೆಯ ಅಕ್ಷರದಲ್ಲಿ. ಕವಿರಾಜಮಾರ್ಗದ ಕಾಲದಿಂದಲೂ ನಮ್ಮವರು ಅದನ್ನು ಕುರಿತು ಚರ್ಚಿಸಿದ್ದಾರೆ. ನಮ್ಮ ಕರೆಯುವ ಹೆಸರುಗಳೂ ತಮ್ಮ ಗಟ್ಟಿತನವನ್ನು ಪಡೆಯುವುದು ಅದೇ ಎರಡನೆಯ ಅಕ್ಷರದಲ್ಲಿ ಎಂಬುದು ನನಗೆ ಸದಾ ಸೋಜಿಗ. ಕೃಷ್ಣ ಕಿಟ್ಟನಾದ, ವಿಷ್ಣು ಬಿಟ್ಟಿಯಾದ, ಬ್ರಹ್ಮ ಬೊಮ್ಮನಾದ, ಲಕ್ಷ್ಮ ಲಕ್ಕನಾದ, ಸುಬ್ರಹ್ಮಣ್ಯ ಸುಬ್ಬನಾದ. ಸಂಸ್ಕೃತದ ಬಿಗಿಯಾದ ಒತ್ತಕ್ಷರ ಸಡಿಲಿ, ಸಜಾತಿಯ ದ್ವಿತ್ವವಾಗಿ ಕುಳಿತುಕೊಳ್ಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂದೇ ಒಂದು ಭಾಗವನ್ನಿಟ್ಟು, ಇಂತಹ ಮಾರ್ಪಾಟುಗಳ ನಿಯಮಗಳನ್ನು ವಿವರಿಸಿದ್ದಾನೆ. ಅವನ ದೃಷ್ಟಿಯಲ್ಲಿ ಅವು ಅಶುದ್ಧ ರೂಪಗಳಲ್ಲ. ಕನ್ನಡವು ತನ್ನದಾಗಿಸಿಕೊಂಡ ರೂಪಗಳು.

ನಮ್ಮ ಮಹಾಕವಿಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಪೊನ್ನ, ರನ್ನ, ಜನ್ನ: ಮೂವರ ಹೆಸರೂ ಒಂದೇ ಪ್ರಾಸದಲ್ಲಿ ನಿಂತಿವೆ. ಪೊನ್ನನೆಂದರೆ ಚಿನ್ನ, ರನ್ನನೆಂದರೆ ರತ್ನ. ಕವಿಚಕ್ರವರ್ತಿಗಳೆನಿಸಿದ ಈ ಮೂವರೂ ಎರಡಕ್ಷರದ ಹೆಸರಿನಲ್ಲೇ ಲೋಕಪ್ರಸಿದ್ಧರಾದರು.

ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ ಇನ್ನೊಂದು ಮನೆತನ ನೆನಪಾದೀತು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆ ಏಚಿ, ತಾಯಿ ಪೋಚಿಕಬ್ಬೆ. ಅಜ್ಜ ಮಾರ, ಅಜ್ಜಿ ಮಾಕಣಬ್ಬೆ. ಸೋದರ ಬಮ್ಮ, ಮಗ ಬೊಪ್ಪ. ಮಡದಿ ಲಕ್ಕಲೆ, ಅವಳ ಸಹೋದರ ಬೂಚಿರಾಜ. ಏಚಿ, ಪೋಚಿ, ಬೂಚಿ: ಇಲ್ಲಿಯೂ ಎರಡನೆಯ ಅಕ್ಷರದ ಪ್ರಾಸವೇ. ತಲಕಾಡಿನಿಂದ ಚೋಳರನ್ನು ಓಡಿಸಿದ ಮನೆತನದ ಹೆಸರುಗಳಿವು. ಅವನ ಒಡೆಯನಾದ ದೊರೆಯೂ ಬಿಟ್ಟಿಗ, ಬಿಟ್ಟಿದೇವ. ಹನ್ನೆರಡನೆಯ ಶತಮಾನದ ಕನ್ನಡಿಗನಿಗೆ ಗಿಡ್ಡ ಹೆಸರು ಕೀಳು ಹೆಸರಾಗಿರಲಿಲ್ಲ.

ನನ್ನ ಊರು ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ. ಪಾಲ್ಕುರಿಕೆ ಸೋಮನಾಥನ ಹುಟ್ಟೂರು ಯಾವುದೆಂಬ ಚರ್ಚೆಯಲ್ಲಿ ತೆಲಂಗಾಣದ ಪಾಲಕುರ್ತಿಯೊಡನೆ ನಮ್ಮೂರಿನ ಹೆಸರನ್ನೂ ವಿದ್ವಾಂಸರು ಎತ್ತಿದ್ದುಂಟು. ಆ ವಾದದ ತೀರ್ಪು ಹೇಗೇ ಇರಲಿ, 'ಪಾಲ್' ಎಂಬುದು 'ಹಾಲ್' ಆಗುವ ದಾರಿ ಮಾತ್ರ ನಿಸ್ಸಂದೇಹ. ಹಳಗನ್ನಡದ ಮೊದಲ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು. ಅದೇ ದಾರಿಯಲ್ಲಿ ನಡೆದು ಬಂದ ಪೊನ್ನನೇ ನಮ್ಮ ಸೀಮೆಯ ಹೊನ್ನಪ್ಪ, ಹೊನ್ನಮ್ಮ, ಹೊನ್ನಯ್ಯ. ತೆಂಗಿನ ತೋಟದಲ್ಲಿ ಕಾಯಿ ಕೆಡವುವ ಹೊನ್ನನೂ ರಾಷ್ಟ್ರಕೂಟರ ಆಸ್ಥಾನದ ಪೊನ್ನನೂ ಒಂದೇ ಹೆಸರಿನವರೆಂಬುದು ನಮ್ಮ ತೋಟದ ಯಜಮಾನರಿಗೆ ತಿಳಿದಿರಲಿಲ್ಲ, ಹೊನ್ನನಿಗೂ ತಿಳಿದಿರಲಿಲ್ಲ.

ಕಿರಿದಾದ ಹೆಸರಿಗೆ ಒಂದು ಉಪಯೋಗವೂ ಉಂಟು. ಮರದ ಸುಳಿಯಲ್ಲಿ ಕುಳಿತವನನ್ನು ಕೆಳಗಿನಿಂದ ಕೂಗಬೇಕಾದರೆ ಐದಕ್ಷರದ ಹೆಸರು ಗಾಳಿಯಲ್ಲಿ ಚದರಿಹೋಗುತ್ತದೆ. ತಿಮ್ಮಾ, ರಂಗಾ, ಸಿದ್ದಾ ಎಂದರೆ ಕೊನೆಯ ಸ್ವರ ಹಿಗ್ಗಿ ತೋಟವನ್ನೆಲ್ಲ ತುಂಬುತ್ತದೆ. ಇನ್ನು ಕೆಲವು ಹೆಸರುಗಳ ಅರ್ಥ ಕರುಳು ಹಿಂಡುವಂಥದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ 'ತಿಪ್ಪ' ಎಂದರು. 'ಗುಂಡ', 'ಕಲ್ಲ', 'ಹುಚ್ಚ' ಎಂದರು. ಸಾವು ಇಂಥ ಹೆಸರನ್ನು ಕೇಳಿ ಹೇಸಿ ಮುಂದೆ ಹೋಗಲಿ ಎಂಬ ತಾಯಿಯ ಉಪಾಯವದು. ಅದನ್ನು ಒರಟುತನವೆಂದವರು ಅದರ ಅರ್ಥವನ್ನು ಕೇಳಲಿಲ್ಲ.

ಹಾಗಾದರೆ ಈ ಹೆಸರುಗಳಿಗೆ ಅವಮಾನ ಅಂಟಿದ್ದು ಹೇಗೆ? ಹೆಸರಿನಿಂದಲ್ಲ, ಕರೆದ ರೀತಿಯಿಂದ. ಕೃಷ್ಣದೇವರಾಯನ ಮಹಾಮಂತ್ರಿ ತಿಮ್ಮರಸು. ಬೆಟ್ಟದ ಮೇಲಿನ ದೇವರು ತಿಮ್ಮಪ್ಪ. 'ಅರಸು', 'ಅಪ್ಪ' ಇಲ್ಲದ ಬರಿಯ ತಿಮ್ಮ ಮಾತ್ರ ಪೆದ್ದನಿಗೆ ಪರ್ಯಾಯವಾದ. ಒಂದೇ ಓಣಿಯಲ್ಲಿ ಒಬ್ಬ ರಂಗಪ್ಪನವರು, ಇನ್ನೊಬ್ಬ ರಂಗ. ಈ ಭೇದ ಜಾತಿಯದು, ಭೂಮಿಯದು, ವ್ಯಾಕರಣದ್ದಲ್ಲ. ಕನ್ನಡದಲ್ಲಿ ಇನ್ನೊಂದು ಬಗೆಯ ಪ್ರಾಸವುಂಟು: ಮನೆ ಗಿನೆ, ಹಣ ಗಿಣ ಎಂಬ ಪ್ರತಿಧ್ವನಿಯ ಪ್ರಾಸ. ವಸ್ತುವಿಗೆ ಹಚ್ಚಿದರೆ ಅದು 'ಮುಂತಾದುವು' ಎಂಬ ಅರ್ಥ ಕೊಡುತ್ತದೆ. ಮನುಷ್ಯನ ಹೆಸರಿಗೆ ಹಚ್ಚಿದರೆ ತಿರಸ್ಕಾರವಾಗುತ್ತದೆ.

ನಾನು ಅಧ್ಯಾಪಕನಾಗಿದ್ದಾಗ ತರಗತಿಯಲ್ಲಿ ಮಾರ ಎಂಬ ಹುಡುಗನಿದ್ದ. ಹಾಜರಿ ಕೂಗಿದೊಡನೆ ಹಿಂದಿನ ಬೆಂಚಿನಿಂದ 'ಮಾರ ಗೀರ' ಎಂಬ ಪಿಸುಮಾತು, ನಗೆ. ಒಂದು ದಿನ ನಾನು ಪಾಠವನ್ನು ಬದಿಗಿಟ್ಟು ಗಂಗರಾಜನ ವಂಶಾವಳಿಯನ್ನು ಹಲಗೆಯ ಮೇಲೆ ಬರೆದೆ. ಮೊದಲ ಹೆಸರು ಮಾರ. ನಗೆ ನಿಂತಿತು. ಆದರೂ ಪರೀಕ್ಷೆ ಮುಗಿದ ಮೇಲೆ ಆ ಹುಡುಗ ನನ್ನ ಬಳಿಗೆ ಬಂದು, "ಸಾರ್, ದಂಡನಾಯಕರ ಅಜ್ಜನಿಗೆ ಆ ಹೆಸರಿದ್ದರೆ ಯಾರೂ ನಗುವುದಿಲ್ಲ. ನಾನು ಕೆಲಸಕ್ಕೆ ಅರ್ಜಿ ಹಾಕಬೇಕು" ಎಂದ. ಹೆಸರು ಬದಲಿಸುವ ಪತ್ರವನ್ನು ನಾನೇ ಬರೆದುಕೊಟ್ಟೆ. ಅವನ ಮಾತು ಸತ್ಯವಾಗಿತ್ತು. ಇತಿಹಾಸದ ಗೌರವ ಹೊಟ್ಟೆಪಾಡಿನ ಸಂದರ್ಶನದ ಕೋಣೆಯವರೆಗೆ ಬರುವುದಿಲ್ಲ.

ಇಲ್ಲಿಯೇ ನಮ್ಮ ಶರಣರು ಮಾಡಿದ ಕೆಲಸದ ಹಿರಿಮೆ ತಿಳಿಯುತ್ತದೆ. ಬಟ್ಟೆ ಮಡಿಮಾಡುವ ಕಾಯಕದವನನ್ನು ಅವರು ಮಾಚಯ್ಯ ಎಂದರು. ಡೋಹರ ಕುಲದವನನ್ನು ಕಕ್ಕಯ್ಯ ಎಂದರು. ಮಾದಾರ ಕುಲದವನನ್ನು ಚೆನ್ನಯ್ಯ ಎಂದರು. ಮಾಚನ ಹೆಸರನ್ನು ಅಳಿಸಿ ಬೇರೆ ದೊಡ್ಡ ಹೆಸರನ್ನು ಕೊಡಲಿಲ್ಲ. ಇದ್ದ ಹೆಸರಿಗೇ 'ಅಯ್ಯ' ಎಂಬ ಮನ್ನಣೆಯನ್ನು ಸೇರಿಸಿದರು. ಬದಲಾದದ್ದು ಕರೆಸಿಕೊಂಡವನ ಹೆಸರಲ್ಲ, ಕರೆದವನ ನಾಲಗೆ.

ಇಂಗ್ಲೆಂಡಿನ ಹಳೆಯ ಹೆಸರುಗಳನ್ನು ಅಳಿಸಲು ಒಂದು ದಂಡಯಾತ್ರೆ ಬೇಕಾಯಿತು. ನಮ್ಮ ಬೊಮ್ಮ, ಮಾಚ, ಬೋರ, ಕೆಂಚರು ಯಾವ ಯುದ್ಧವೂ ಇಲ್ಲದೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದೆರಡು ತಲೆಮಾರಿನೊಳಗೆ ಮರೆಯಾಗುತ್ತಿದ್ದಾರೆ. ಮಕ್ಕಳಿಗೆ ಇಂಥದೇ ಹೆಸರಿಡಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ; ನಗೆಗೆ ಗುರಿಯಾದವರಿಗೆ ಹಾಗೆ ಹೇಳುವುದಂತೂ ಅನ್ಯಾಯ. ಆದರೆ ಮನೆಯ ಹಳೆಯ ಪತ್ರಗಳಲ್ಲಿ, ಊರಿನ ವೀರಗಲ್ಲುಗಳಲ್ಲಿ ಇರುವ ಈ ಎರಡಕ್ಷರದ ಹೆಸರುಗಳನ್ನು ಅರ್ಥಸಹಿತ ಬರೆದಿಡುವುದು ನಮ್ಮಿಂದ ಸಾಧ್ಯ. 1904ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ತುಮಕೂರು ಸಂಪುಟದಲ್ಲಿ ನಮ್ಮ ಸೀಮೆಯ ಶಾಸನಗಳು ಸೇರಿವೆ. ನಮ್ಮ ಅಜ್ಜಿಯರ ಬಾಯಲ್ಲಿರುವ ಹೆಸರುಗಳು ಯಾವ ಸಂಪುಟದಲ್ಲೂ ಸೇರಿಲ್ಲ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.