ಪುಸ್ತಕವಾಗದ ಹಾಡು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಗೆ ಸಂಗೀತದ ಎರಡು ನೆರೆಮನೆಗಳಿವೆ. ಒಂದು, ಚಿಕ್ಕೋಡಿ ಕಡೆಯ ಗಡಿಗೆ ಹತ್ತಿರದ ಕುರುಂದವಾಡ. ಇನ್ನೊಂದು, ಕಾಗವಾಡ ದಾಟಿದರೆ ಸಿಗುವ ಮಿರಜ್. ಎರಡೂ ಈಗ ಮಹಾರಾಷ್ಟ್ರದಲ್ಲಿವೆ. ಆದರೆ ರಾಗಕ್ಕೆ ಗಡಿಯ ಗೊಡವೆ ಎಂದೂ ಇರಲಿಲ್ಲ.

ವಿಷ್ಣು ದಿಗಂಬರ ಪಲುಸ್ಕರ್ 1872ರಲ್ಲಿ ಹುಟ್ಟಿದ್ದು ಕುರುಂದವಾಡದಲ್ಲಿ. ಅದೇ ವರ್ಷ ದೂರದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಮುಂದೆ ಮಿರಜಿನಲ್ಲಿ ನೆಲೆ ನಿಂತರು. ಸಂಗೀತವನ್ನು ಉಳಿಸಲು ಇಬ್ಬರಿಗೆ ಸಿಕ್ಕ ದಾರಿಗಳು ಬೇರೆ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಪಲುಸ್ಕರ್ ಸ್ವರಲಿಪಿ ರೂಪಿಸಿ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಖಾನ್ ಸಾಹೇಬರ ದನಿ ಅರಗಿನ ತಟ್ಟೆಗಳ ಮೇಲೆ ಉಳಿಯಿತು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು, ಅಷ್ಟರಲ್ಲೇ ಒಂದು ರಾಗ ಮುಗಿಯಬೇಕು.

ಈ ಎರಡು ದಾರಿಗಳಲ್ಲಿ ಗ್ರಂಥಾಲಯದ ಬಾಗಿಲು ತೆರೆದದ್ದು ಒಂದಕ್ಕೆ ಮಾತ್ರ. 1954ರ ಕೇಂದ್ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಕೊಡಬೇಕು. ‘ಪುಸ್ತಕ’ ಎಂದರೆ ಏನು ಎಂದು ಹೇಳುವಾಗ ಅದು ಅಚ್ಚಾದ ಸಂಗೀತದ ಹಾಳೆಯನ್ನೂ ಸೇರಿಸಿಕೊಳ್ಳುತ್ತದೆ. ಹಾಡಿದ ತಟ್ಟೆಯ ಹೆಸರೆತ್ತುವುದಿಲ್ಲ. ಬರೆದ ಸ್ವರವನ್ನು ನೋಡಿ ನುಡಿಸುವ ಯುರೋಪಿಗೆ ಈ ವ್ಯಾಖ್ಯೆ ಸರಿ ಇರಬಹುದು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗುವ ನಮ್ಮ ಸಂಗೀತದಲ್ಲಿ ಹಾಳೆ ಬರೀ ನೆನಪಿನ ಚೀಟಿ. ಮೀಂಡು, ಉಸಿರು, ಎಳೆತ ಇರುವುದು ತಟ್ಟೆಯಲ್ಲೇ. ಕರ್ನಾಟಕಕ್ಕೂ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಗ್ರಂಥಾಲಯ ಕರವೂ ಬಂತು. ಆದರೂ ನಮ್ಮೂರುಗಳಲ್ಲಿ ಲೈಬ್ರರಿ ಎಂದರೆ ದಿನಪತ್ರಿಕೆ, ಕಾದಂಬರಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎಂದೇ ಆಯಿತು.

ಹಾಗಾದರೆ ಜನ ರೆಕಾರ್ಡು ಕೇಳಿದ್ದೆಲ್ಲಿ? ಅಂಗಡಿಯ ಮುಂದೆ, ಚಹಾದ ಹೋಟೆಲಿನಲ್ಲಿ, ಉಳ್ಳವರ ಪಡಸಾಲೆಯಲ್ಲಿ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿಯನ್ನು ಕೇಳಿದ್ದು ಅಂಗಡಿಯೊಂದರ ಗ್ರಾಮಫೋನಿನಲ್ಲಿ. 11ರ ಪ್ರಾಯದಲ್ಲೇ ಅವರು ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ನಮ್ಮ ಬೆಳಗಾವಿ ಜಿಲ್ಲೆಯದೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ ಎಂಬ ಬಾಲಕ ದೊಡ್ಡ ಗಾಯಕರ ರೆಕಾರ್ಡುಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಅವನೇ ಕುಮಾರ ಗಂಧರ್ವ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೋ ಇದ್ದ ಕಟ್ಟೆಯೂ ಕೇಳುಗರ ಶಾಲೆಯಾಯಿತು. ಕಾಸಿಲ್ಲದೆ ಕೇಳಲು ಸಿಕ್ಕದ್ದೇ ಇವರಿಗೆಲ್ಲ ಗ್ರಂಥಾಲಯ.

ಆದರೆ ಅಂಗಡಿ, ಹೋಟೆಲು ಯಾವುದನ್ನೂ ಕಾಪಿಡುವುದಿಲ್ಲ. ಹೊಸ ಹಾಡು ಬಂದರೆ ಹಳೆಯದು ಮೂಲೆಗೆ. ಅರಗಿನ ತಟ್ಟೆ ಕೈಜಾರಿದರೆ ಚೂರು. ಆಮೇಲೆ ಬಂದ ಕ್ಯಾಸೆಟ್ಟಿನ ಟೇಪಿಗೆ ಬೂಸಲು. ಮಿರಜಿನ ದೊಡ್ಡ ಹೆಸರುಗಳನ್ನು ಸಂಗ್ರಹಕಾರರು ಉಳಿಸಿಕೊಂಡಾರು. ನಮ್ಮ ಶ್ರೀಕೃಷ್ಣ ಪಾರಿಜಾತ, ಚೌಡಿಕೆ ಪದ, ಭಜನೆಗಳ ಕ್ಯಾಸೆಟ್ಟಿನ ಗತಿ ಏನು? ಅವುಗಳಲ್ಲಿ ಹಲವಕ್ಕೆ ಅಚ್ಚಾದ ಹಾಳೆಯೂ ಇಲ್ಲ.

ಇದಕ್ಕೆ ಕಾನೂನಿನ ತಿದ್ದುಪಡಿಯನ್ನೇ ಕಾಯಬೇಕಿಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಇರುವುದು ಅದು ಪ್ರಕಟವಾದ ಬಳಿಕ 60 ವರ್ಷ. 1930ರ ದಶಕದ ತಟ್ಟೆಗಳು ಎಂದೋ ಆ ಗಡಿ ದಾಟಿವೆ. ತಾಲೂಕು ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರು, ಎರಡು ಹೆಡ್‌ಫೋನು, ಊರವರ ಟ್ರಂಕಿನಿಂದ ತಂದ ಹಾಡುಗಳನ್ನು ನಕಲು ಮಾಡಿ, ಹಾಡಿದವರ ಹೆಸರು ಬರೆದಿಡುವ ಒಂದು ವಹಿ ಇದ್ದರೆ ಆರಂಭಕ್ಕೆ ಸಾಕು. ಪರೀಕ್ಷೆಗೆ ಓದಲು ಬಂದ ಹುಡುಗಿಯೊಬ್ಬಳು ಬೇಸರ ಕಳೆಯಲೆಂದು ಹೆಡ್‌ಫೋನು ಹಾಕಿಕೊಂಡರೂ, ಪಕ್ಕದ ಮಿರಜಿನ ಆ ದನಿ ಅವಳ ಕಿವಿಗೆ ಬಿದ್ದೀತು.