ಸಿಡಿಯಲೊಲ್ಲದ ಸಿಡಿಮದ್ದು

ಕಾಶಿಯ ಹನುಮಾನ್ ಘಾಟಿನಲ್ಲಿ ಇಳಿದುಕೊಳ್ಳುವ ಕನ್ನಡ ಯಾತ್ರಿಕರು, ಮಗ್ಗುಲಲ್ಲೇ ಮೈಸೂರು ಸಂಸ್ಥಾನದವರು ಕಟ್ಟಿಸಿದ ಘಾಟಿನಲ್ಲಿ ಮಿಂದು ದೋಣಿಯೇರಿ, ಉತ್ತರಾಭಿಮುಖವಾದ ಗಂಗಾಪ್ರವಾಹದೊಡನೆ ಸಾಗುತ್ತ, ಆದಿಕೇಶವನ ದರ್ಶನದ ಆತುರದಲ್ಲಿ ಸೇತುವೆಯ ಬಳಿಯ ರಾಜಘಾಟನ್ನು ಲಕ್ಷಿಸದೆ ಹೋಗುವುದು ವಾಡಿಕೆ. ಸೇತುವೆಯಾಗಲಿ ರೈಲಾಗಲಿ ಇಲ್ಲದಿದ್ದ ಕಾಲದಲ್ಲಿ, 1850ನೆಯ ಇಸವಿಯ ಮೇ 1ರಂದು, ಕಂಪೆನಿ ಸರ್ಕಾರದ ಕೋವಿಮದ್ದನ್ನು ಹೇರಿಕೊಂಡು ಅಲ್ಲಿ ತಂಗಿದ್ದ ದೋಣಿಗಳ ಸಾಲು ಸ್ಫೋಟಗೊಂಡು, ಯುದ್ಧದ ಗಂಧವೂ ಇಲ್ಲದ ನೂರಾರು ಜನ ಮೃತರಾದರು. ಶತ್ರುವಿಗೆಂದು ಸಿದ್ಧಪಡಿಸಿದ ಮದ್ದು ಒಡೆಯನ ಕೈಯಲ್ಲೇ ಸಿಡಿಯುವ ಈ ವಿಪತ್ತನ್ನು ತಡೆಯುವ ಯತ್ನಕ್ಕೆ ದೀರ್ಘವಾದ ಇತಿಹಾಸವುಂಟು.

ಕರಿಮದ್ದಿನ ಕಾಲದಲ್ಲಿ ಆ ಯತ್ನವೆಲ್ಲ ಮದ್ದಿನ ಸುತ್ತಲಿನ ಜಾಗರೂಕತೆಯಾಗಿತ್ತೇ ಹೊರತು ಮದ್ದಿನ ಸ್ವಭಾವವನ್ನು ತಿದ್ದುವ ವಿದ್ಯೆಯಾಗಿರಲಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಆ ಮಿಶ್ರಣ ಒಂದು ಕಿಡಿಗೆ ಕಾದಿರುತ್ತಿದ್ದುದರಿಂದ, ಅದನ್ನು ಊರಿನಿಂದ ದೂರವಿಡುವುದು, ಗೋಡೆಗಳನ್ನು ದಪ್ಪವಾಗಿ ಕಟ್ಟುವುದು, ಪೀಪಾಯಿಗಳಿಗೆ ಕಬ್ಬಿಣದ ಬದಲು ತಾಮ್ರದ ಪಟ್ಟಿ ಹಾಕುವುದು, ಮೊಳೆ ಹೊಡೆದ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡಿಸುವುದು, ಇವೇ ಉಪಾಯಗಳು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ, 1799ರ ಮೇ 2ರಂದು, ಕೋಟೆಯೊಳಗಣ ಅಗ್ನಿಬಾಣಗಳ ಉಗ್ರಾಣಕ್ಕೆ ಇಂಗ್ಲಿಷರ ಒಂದು ಗುಂಡು ತಗುಲಿ ಅದು ಸಿಡಿದುಹೋದ ಪ್ರಸಂಗವು, ಗೋಡೆಯ ಭರವಸೆ ಎಷ್ಟರ ಮಟ್ಟಿನದೆಂಬುದನ್ನು ತೋರಿಸಿತು.

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರವು ಬಲವನ್ನು ಹೆಚ್ಚಿಸಿದಂತೆ ಭಯವನ್ನೂ ಹೆಚ್ಚಿಸಿತು. 1847ರಲ್ಲಿ ಸೊಬ್ರೆರೊ ಕಂಡುಹಿಡಿದ ನೈಟ್ರೊಗ್ಲಿಸರಿನ್ ಸ್ವಲ್ಪ ಅಲುಗಾಟಕ್ಕೂ ಸಿಡಿಯುವಂಥದು. ಅದರ ಕಾರ್ಖಾನೆಯಲ್ಲಿ 1864ರಲ್ಲಿ ತಮ್ಮನನ್ನು ಕಳೆದುಕೊಂಡ ಆಲ್ಫ್ರೆಡ್ ನೊಬೆಲ್, ಆ ದ್ರವವನ್ನು ಸರಂಧ್ರವಾದ ಮಣ್ಣಿಗೆ ಹೀರಿಸಿ 1867ರಲ್ಲಿ ಡೈನಮೈಟನ್ನು ಲೋಕಕ್ಕೆ ಕೊಟ್ಟನು. ಮದ್ದಿನ ಮನೆಯನ್ನಲ್ಲ, ಮದ್ದನ್ನೇ ಸೌಮ್ಯಗೊಳಿಸಬಹುದೆಂಬ ಅರಿವಿಗೆ ಇದೇ ಮೊದಲ ಮೈಲಿಗಲ್ಲೆಂದು ನನ್ನ ಎಣಿಕೆ. ತರುವಾಯ ಫಿರಂಗಿಯ ಗುಂಡುಗಳಲ್ಲಿ, ಲೋಹದೊಡನೆ ಕೂಡಿ ಅಪಾಯಕರ ಲವಣಗಳನ್ನು ಹುಟ್ಟಿಸುತ್ತಿದ್ದ ಪಿಕ್ರಿಕ್ ಆಮ್ಲದ ಸ್ಥಾನಕ್ಕೆ, ಸುಮಾರು 80 ಡಿಗ್ರಿ ಶಾಖದಲ್ಲಿ ಕರಗಿಸಿ ನಿರ್ಭಯವಾಗಿ ಎರೆಯಬಹುದಾದ ಟಿಎನ್‌ಟಿ ಬಂದಿತು. ಸೂಕ್ಷ್ಮವಾದ ಡಿಟೊನೇಟರನ್ನು ಮುಖ್ಯ ಮದ್ದಿನ ನೇರಕ್ಕೆ ಇರಿಸದೆ, ಗುಂಡು ಹಾರಿದಾಗಿನ ಎಸೆತ ಮತ್ತು ಸುತ್ತುವಿಕೆಗಳ ಬಲದಿಂದ ಮಾತ್ರ ಅದು ಸರಿದು ನೇರಕ್ಕೆ ಬರುವಂತೆ ಫ್ಯೂಜನ್ನು ರಚಿಸುವ ಜಾಣ್ಮೆಯೂ ಬೆಳೆಯಿತು.

ಇಷ್ಟಾದರೂ ಬೆಂಕಿಯ ಮುಂದೆ ಈ ಜಾಣ್ಮೆಗೆ ಬೆಲೆಯಿರಲಿಲ್ಲ. ಸುಮಾರು 1,400 ಟನ್ ಸಿಡಿಮದ್ದಿನೊಡನೆ ಕರಾಚಿಯ ಹತ್ತಿಯ ಪಿಂಡಿಗಳನ್ನೂ ಒಂದೇ ಒಡಲಲ್ಲಿ ತುಂಬಿಕೊಂಡು ಬಂದ ಫೋರ್ಟ್ ಸ್ಟಿಕೀನ್ ಹಡಗು 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಹೊತ್ತಿ ಎರಡು ಸಲ ಸ್ಫೋಟಗೊಂಡಿತು. ಹತ್ತಿಯನ್ನೂ ಮದ್ದನ್ನೂ ಜೊತೆಗೂಡಿಸಿದವರ ವಿವೇಕವನ್ನು ಏನೆಂದು ಹೇಳೋಣ! ಆದರೆ ಶಾಸ್ತ್ರದ ದಿಕ್ಕನ್ನೇ ಬದಲಿಸಿದ್ದು 1967ರ ಜುಲೈ 29ರ ಅವಘಡ. ಅಮೆರಿಕದ ಫಾರೆಸ್ಟಲ್ ಎಂಬ ವಿಮಾನವಾಹಕ ನೌಕೆಯ ಮೇಲೆ ತಾನಾಗಿ ಹಾರಿದ ರಾಕೆಟ್ಟೊಂದು ವಿಮಾನದ ಇಂಧನಕ್ಕೆ ಬೆಂಕಿಯಿಟ್ಟಿತು. ಆ ಜ್ವಾಲೆಯಲ್ಲಿ ಬಿದ್ದ ಹಳೆಯ ಬಾಂಬುಗಳು ಒಂದೂವರೆ ನಿಮಿಷದಷ್ಟರಲ್ಲೇ ಸಿಡಿಯತೊಡಗಿ 134 ಜನ ಸತ್ತರು.

ಅಂದಿನಿಂದ ಕೇಳಲಾದ ಪ್ರಶ್ನೆ ಬೇರೆಯಾಯಿತು: ಬೆಂಕಿ ಬಿದ್ದೇ ಬೀಳುವುದಾದರೆ, ಸ್ಫೋಟಿಸದೆ ಬರಿದೇ ಉರಿದುಹೋಗುವ ಮದ್ದನ್ನು ಮಾಡಲಾಗದೆ? ಪ್ರಬಲ ಸಿಡಿಮದ್ದಾದ ಆರ್‌ಡಿಎಕ್ಸಿನ ಹರಳುಗಳ ನಡುವಣ ಸೂಕ್ಷ್ಮ ರಂಧ್ರಗಳು ಪೆಟ್ಟಿಗೆ ಕುಸಿದು, ಒಂದೊಂದು ಬಿಂದುವಿನಲ್ಲಿ ಶಾಖವು ವಿಪರೀತವಾಗಿ ಏರುವುದೇ ಸ್ಫೋಟದ ಮೂಲವೆಂದು ತಿಳಿದಮೇಲೆ, ಆ ಹರಳುಗಳನ್ನು ಅಂಟಿನುಂಡೆಯಲ್ಲಿ ಬೆಲ್ಲದ ಪಾಕವು ಗೋಂದನ್ನು ಹಿಡಿದಿಡುವಂತೆ ರಬ್ಬರಿನಂಥ ಪಾಲಿಮರಿನಲ್ಲಿ ಬಂಧಿಸುವ ಕ್ರಮ ರೂಢಿಗೆ ಬಂದಿತು. ಸ್ವಭಾವತಃ ಮಂದವಾದ ಟಿಎಟಿಬಿ, ಎನ್‌ಟಿಒ ಮೊದಲಾದ ಸಿಡಿಮದ್ದುಗಳು ಬೆಳಕಿಗೆ ಬಂದವು. ಸ್ವೀಡನ್ನಿನಿಂದ ಫಾಕ್ಸ್-7 ಎಂಬ ಅಂಥದೇ ಮದ್ದು ಬಂದಿತು. ಟಿಎನ್‌ಟಿಗೆ ಬದಲಾಗಿ ಐಎಂಎಕ್ಸ್-101 ಎಂಬ ಮಿಶ್ರಣವನ್ನು ಅಮೆರಿಕದ ಸೈನ್ಯವು 2010ರಲ್ಲಿ ಅಂಗೀಕರಿಸಿತು. ಈಗಿನ ಪರೀಕ್ಷೆಯ ಕಠೋರತೆಯನ್ನು ನೋಡಬೇಕು: ಬಾಂಬನ್ನು ಇಂಧನದ ಉರಿಯಲ್ಲಿ ಬೇಯಿಸುತ್ತಾರೆ, ಗಂಟೆಗಟ್ಟಲೆ ನಿಧಾನವಾಗಿ ಕಾಯಿಸುತ್ತಾರೆ. ಅದರ ಮೇಲೆ ಗುಂಡು ಹಾರಿಸುತ್ತಾರೆ. ಪಕ್ಕದಲ್ಲಿ ಮತ್ತೊಂದನ್ನು ಸಿಡಿಸಿ ಇದು ಸುಮ್ಮನಿರುವುದೇ ಎಂದು ಕಾಯುತ್ತಾರೆ. ಸುಮ್ಮನಿರುವ ಮದ್ದನ್ನು ಬೇಕೆಂದಾಗ ಸಿಡಿಸುವುದೂ ಅಷ್ಟೇ ಪ್ರಯಾಸ, ಬೆಲೆಯೂ ಅಧಿಕ. ಆದಕಾರಣ ಅನೇಕ ಸೈನ್ಯಗಳು ಇದನ್ನು ಹೊಗಳುತ್ತವೆ, ಕೊಳ್ಳುವಲ್ಲಿ ಮಾತ್ರ ಹಿಂದೆಗೆಯುತ್ತವೆ.

ನಮ್ಮ ದೇಶದಲ್ಲಿ ಪುಣೆಯ ಹೈ ಎನರ್ಜಿ ಮೆಟೀರಿಯಲ್ಸ್ ರಿಸರ್ಚ್ ಲ್ಯಾಬೊರೇಟರಿಯು ಎನ್‌ಟಿಒ, ಟಿಎಟಿಬಿ, ಫಾಕ್ಸ್-7 ಇವುಗಳ ಮೇಲೆ ಶ್ಲಾಘ್ಯವಾದ ಕೆಲಸವನ್ನು ನಡೆಸಿದೆ. ಆದರೆ ಉಗ್ರಾಣಗಳಲ್ಲಿರುವುದು ಬಹುಮಟ್ಟಿಗೆ ಹಳೆಯ ಸರಕು. 2000ನೆಯ ಇಸವಿಯ ಏಪ್ರಿಲ್‌ನಲ್ಲಿ ಭರತ್‌ಪುರದ ಮದ್ದಿನ ಕೋಠಿ ಉರಿದುದಕ್ಕೆ ಅಲ್ಲಿ ಕೊಯ್ಯದೆ ಬಿಟ್ಟಿದ್ದ ಒಣಹುಲ್ಲು ಸಹಕರಿಸಿತು. 2016ರ ಮೇ 31ರಂದು ವಾರ್ಧಾ ಜಿಲ್ಲೆಯ ಪುಲ್ಗಾಂವ್‌ನಲ್ಲಿ ಹದಿನಾರಕ್ಕೂ ಮಿಕ್ಕ ಜನ ಮಡಿದಾಗ, ದೋಷಯುಕ್ತ ನೆಲಬಾಂಬುಗಳಿಂದ ಜಿನುಗಿದ ಟಿಎನ್‌ಟಿಯ ಮಾತು ಕೇಳಿಬಂದಿತು. ಹೊಸ ಮದ್ದಿಗಾಗಿ ಹಣವನ್ನು ವ್ಯಯಿಸುವುದು ಅವಶ್ಯವೇ ಸರಿ. ಆದರೆ ಹುಲ್ಲು ಕೊಯ್ಯಿಸುವುದೂ ಜಿನುಗುವ ಹಳೆಯ ಬಾಂಬನ್ನು ಕಾಲಕ್ಕೆ ಸರಿಯಾಗಿ ನಾಶಪಡಿಸುವುದೂ ಅದಕ್ಕಿಂತ ಮೊದಲು ಆಗತಕ್ಕ ಕೆಲಸಗಳು, ಅವಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.